ಮನೆಮಗಳಿಗೆ ಕೆಲಸ ಹೇಳುವಂತಿಲ್ಲ

ಎಷ್ಟು ಓದಿಕೊಂಡಿದ್ದರೂ, ಎಷ್ಟು ಜಾಗ್ರತೆಯಿಂದ ನಡೆದುಕೊಂಡರೂ, ಮನೆಗೆ ಹೊಸಬರೊಬ್ಬರು ಬಂದರೆ ಎಡವಟ್ಟುಗಳು ತಪ್ಪುವುದಿಲ್ಲ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಮನೆಯಲ್ಲಿ ನಡೆದದ್ದನ್ನೆಲ್ಲ ಅಂದಂದೇ ಡೈರಿಯಲ್ಲಿ ಬರೆದಿಡುವವಳು. ಆದ್ದರಿಂದ ಮುಂದೆ ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಕೊರೊನಾ ಕಾಲದಲ್ಲಿ ಮಗುವಿಗಾಗಿ ಕೆಲಸ ಬಿಟ್ಟಿದ್ದ ನನ್ನ ಮಗಳಿಗೆ ಕೊನೆಗೂ ಮತ್ತೊಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿತು. ಈ ಸಲ ಕೈತಪ್ಪಿದರೆ ಮತ್ತೆ ಸಿಗುವುದು ಕಷ್ಟ. ನಾವಿರುವುದು ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ, ಅಳಿಯ ದೂರದ ಫೇರ್‌ಫ್ಯಾಕ್ಸ್‌ಗೆ ಆಫೀಸಿಗೆ ಹೋಗಿ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ನನಗೆ ಮಂಡಿನೋವು, ಡ್ರೈವಿಂಗ್ ಬರುವುದಿಲ್ಲ. ಹಾಗಾಗಿ ಮೊಮ್ಮಗನನ್ನು ನೋಡಿಕೊಳ್ಳಲು ಕೊಲಂಬಿಯಾ ದೇಶದಿಂದ ಒಬ್ಬ ಹುಡುಗಿ ಬಂದಳು. ಹೀಗೆ ವೀಸಾ ಮೇಲೆ ಬಂದು, ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುವವರನ್ನು ಇಲ್ಲಿ ಓ ಪೇರ್ ಎನ್ನುತ್ತಾರೆ.

ಇದಕ್ಕೆ ಸರ್ಕಾರ ಮಾಡಿದ ನಿಯಮಗಳನ್ನೆಲ್ಲ ನಾನೇ ಕೂತು ಓದಿದೆ. ಅವಳನ್ನು ಮನೆಯವರಲ್ಲಿ ಒಬ್ಬಳಂತೆ ಕಾಣಬೇಕು ಎಂದಿತ್ತು. ಮಗುವಿನ ಕೆಲಸ ಬಿಟ್ಟು ಬೇರೆ ಮನೆಗೆಲಸ ಹೇಳಬಾರದು ಎಂದೂ ಇತ್ತು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನನಗೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಕೆಲಸ ಹೇಳಿಸಿಕೊಳ್ಳದೆ ಇರುವವರೆಂದರೆ ದೇವರು ಮಾತ್ರ.

ಬಾಗಿಲಿರುವ ಕೋಣೆ

ಹುಡುಗಿಗೆ ಬಾಗಿಲಿರುವ ಪ್ರತ್ಯೇಕ ಕೋಣೆ ಕೊಡಬೇಕು ಎಂಬುದು ಇನ್ನೊಂದು ನಿಯಮ. ಮನೆಯಲ್ಲಿ ಉಳಿದಿದ್ದ ಒಂದೇ ಕೋಣೆ ದೇವರದು. ದೇವರನ್ನು ಅಡುಗೆಮನೆಯ ಪಕ್ಕದ ಪ್ಯಾಂಟ್ರಿಗೆ ಸ್ಥಳಾಂತರಿಸಿದೆವು. ಒಂದು ಕಡೆ ಅಕ್ಕಿಮೂಟೆ, ಒಂದು ಕಡೆ ರವೆ, ನಡುವೆ ನನ್ನ ಮಣೆ.

ಹುಡುಗಿಯ ಯೋಗಕ್ಷೇಮ ನೋಡಲು, ಅವಳನ್ನು ಕಳಿಸಿದ್ದ ಏಜೆನ್ಸಿಯ ಕೋಆರ್ಡಿನೇಟರ್ ಒಬ್ಬರು ಬಂದರು. ಈ ಊರಿನವರೇ ಆದ ಅಮೆರಿಕದ ಹೆಂಗಸು. ಕೋಣೆ ನೋಡಿ ತುಂಬ ಮೆಚ್ಚಿದರು. ಅಷ್ಟರಲ್ಲಿ ಪೂಜೆ ಮುಗಿಸಿದ ನಾನು ಪ್ಯಾಂಟ್ರಿಯ ಬಾಗಿಲು ತೆಗೆದು ಹೊರಗೆ ಬಂದೆ. ಆಕೆ ಒಳಗೆ ಇಣುಕಿ ನೋಡಿದರು. ಆಮೇಲೆ ಮಗಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಹುಡುಗಿಗೆ ಕೋಣೆ ಕೊಟ್ಟಿದ್ದು ಸರಿ. ನಿಮ್ಮ ತಾಯಿಯನ್ನು ಇಲ್ಲೇ ಮಲಗಿಸ್ತೀರಾ?"

ಆನೆ ತಟ್ಟೆ

"ಅಮ್ಮ, ಅವಳ ಹತ್ರ ನಮ್ಮ ಪಾತ್ರೆ ತೊಳೆಸೋ ಹಾಗಿಲ್ಲ. ಪುಟ್ಟಂದು ಮಾತ್ರ" ಎಂದು ಮಗಳು ಎಚ್ಚರಿಸಿದ್ದಳು. ನಾನು ಮೊಮ್ಮಗನ ಆನೆ ಚಿತ್ರದ ತಟ್ಟೆಗಳನ್ನು ಸಿಂಕಿನ ಎಡಕ್ಕೆ, ನಮ್ಮ ಸ್ಟೀಲ್ ತಟ್ಟೆಗಳನ್ನು ಬಲಕ್ಕೆ ಇಡಿಸಿದೆ. ನಮ್ಮವನ್ನು ತೊಳೆಯುವುದು ಅಳಿಯನ ಪಾಲಿಗೆ ಬಂತು.

ಕೆಲವು ದಿನಗಳಲ್ಲಿ ಬಲಗಡೆಯ ರಾಶಿ ಕರಗಿತು, ಎಡಗಡೆಯದು ಬೆಳೆಯಿತು. ನನಗೆ ಲೆಕ್ಕ ಹತ್ತಲಿಲ್ಲ. ಒಂದು ಸಂಜೆ ಹುಡುಗಿ ಆನೆ ತಟ್ಟೆಯೊಂದನ್ನು ಹಿಡಿದುಕೊಂಡು ಗಾಬರಿಯಿಂದ ಮಗಳ ಬಳಿ ಓಡಿಬಂದಳು.

"ಮಗು ಮೆಣಸಿನಕಾಯಿ ಉಪ್ಪಿನಕಾಯಿ ತಿಂದುಬಿಟ್ಟಿದೆ. ಎಮರ್ಜೆನ್ಸಿಗೆ ಕರೆದುಕೊಂಡು ಹೋಗೋಣವಾ?"

ಆಗಷ್ಟೇ ಆಫೀಸಿನಿಂದ ಬಂದು ಉಂಡು ಸೋಫಾದಲ್ಲಿ ಕೂತಿದ್ದ 'ಮಗು' ಲ್ಯಾಪ್‌ಟಾಪ್ ಹಿಂದೆ ಮುಖ ಮರೆಸಿಕೊಂಡಿತು.

ರಜೆಯ ದಿನ

ವಾರದ ರಜೆಯಲ್ಲಿ ಅವಳು ಒಂದು ಲೋಟವನ್ನೂ ಎತ್ತಬಾರದು ಎಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಮೇಲೆದ್ದರೆ "ಕೂತ್ಕೋ, ಕೂತ್ಕೋ" ಎನ್ನುತ್ತಿದ್ದೆ. ಪಾಪ, ಅವಳು ತನ್ನಿಂದ ಏನು ತಪ್ಪಾಯಿತೋ ಎಂಬಂತೆ ಕೂರುತ್ತಿದ್ದಳು. ಬಿಸಿ ದೋಸೆ ಅವಳ ಕೋಣೆಗೇ ಹೋಗುತ್ತಿತ್ತು. ತಲೆಗೆ ಎಣ್ಣೆ ಹಚ್ಚಿ ಜಡೆಯನ್ನೂ ಹಾಕುತ್ತಿದ್ದೆ. ಮೊಮ್ಮಗ ಇದನ್ನೆಲ್ಲ ನೋಡಿ ಕೇಳಿದ: "ಅಜ್ಜಿ, ನಿಂಗೆ ಯಾವಾಗ ಡೇ ಆಫ್?"

ರವಿಕೆ ಕಣ

ಮಗಳು ಕೆಲಸಕ್ಕೆ ಸೇರಬೇಕಾದ ಸೋಮವಾರದ ಹಿಂದಿನ ಶುಕ್ರವಾರ. ಹುಡುಗಿ ವಾರಾಂತ್ಯದ ರಜೆಗೆಂದು ದೂರದ ಷಾರ್ಲೆಟ್ ನಗರದ ಬ್ಯಾಲಂಟೈನ್ ಬಡಾವಣೆಗೆ ಹೊರಟಳು. ಅಲ್ಲಿ ಅವಳ ಗೆಳತಿಯೂ ಓ ಪೇರ್.

ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮದುವೆಯಾಗದವಳಿಗೆ ಮಡಿಲಕ್ಕಿ ಕೊಡುವ ಪದ್ಧತಿ ಇಲ್ಲ, ನಿಜ. ಆದರೆ ಮನೆಯವಳೆಂದು ಸರ್ಕಾರವೇ ಹೇಳಿದ ಮೇಲೆ ನನ್ನದೇನು? ಕುಂಕುಮ ಇಟ್ಟು ಅಕ್ಕಿ, ಬೆಲ್ಲ, ತೆಂಗಿನಕಾಯಿ, ಒಂದು ರವಿಕೆ ಕಣ ಅವಳ ಚೀಲಕ್ಕೆ ತುಂಬಿದೆ. "ಹೋಗಿ ಬಾ" ಎಂದು ಕನ್ನಡದಲ್ಲೇ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಮೊಮ್ಮಗನನ್ನು ಬಿಡಲೊಲ್ಲದೆ ಬಿಟ್ಟಳು. ಎಂಥ ಅಂತಃಕರಣದ ಹುಡುಗಿ ಎಂದು ನಾನೂ ಕಣ್ಣೊರೆಸಿಕೊಂಡೆ.

ಮರುದಿನ ಕೋಆರ್ಡಿನೇಟರ್ ಫೋನ್ ಮಾಡಿದರು: "ನಮಗೆ ತಿಳಿಸದೆ ಅವಳನ್ನು ಯಾಕೆ ತೆಗೆದುಹಾಕಿದ್ರಿ?"

ಮಗಳ ಮುಖ ಬಿಳುಚಿತು. "ಅಮ್ಮ, ಏನ್ ಮಾಡ್ದೆ? ಸೋಮವಾರ ಇವನನ್ನ ಎಲ್ಲಿ ಬಿಡ್ಲಿ?"

"ನಾನೇನು ಮಾಡಿದೆ? ಕುಂಕುಮ ಕೊಟ್ಟೆ, ಅಷ್ಟೇ."

ಭಾನುವಾರ ಬೆಳಿಗ್ಗೆ ಕೋಆರ್ಡಿನೇಟರ್ ಮನೆಗೇ ಬಂದು ಹುಡುಗಿಗೆ ವೀಡಿಯೊ ಕಾಲ್ ಹಚ್ಚಿದರು. ಗೆಳತಿ ಅವಳಿಗೆ, ಉಡುಗೊರೆ ಕೊಟ್ಟು ಕಳಿಸಿದರೆ ಕೆಲಸ ಮುಗಿಯಿತು ಎಂದೇ ಅರ್ಥ ಎಂದು ಮೊದಲೇ ತಿಳಿಸಿಬಿಟ್ಟಿದ್ದಳಂತೆ.

"ಅದಲ್ಲದೆ, ಊಟ ಒದಗಿಸುವುದು ನಿಮ್ಮ ಜವಾಬ್ದಾರಿ" ಎಂದರು ಕೋಆರ್ಡಿನೇಟರ್. "ನೀವು ಹಸಿ ಅಕ್ಕಿ ಕೊಟ್ಟು ಕಳಿಸಿದ್ದೀರಿ. ಎಲ್ಲಾದರೂ ಹೋಗಿ ಬೇಯಿಸಿಕೋ ಅಂತಲಾ?"

ನಾನು ತಾಳ್ಮೆಯಿಂದ ವಿವರಿಸಿದೆ: "ಇದು ಹೋಗು ಅಂತ ಕೊಡೋದಲ್ಲ. ನೀನು ನಮ್ಮವಳು, ಬೇಗ ವಾಪಸ್ ಬಾ ಅಂತ ಕೊಡೋದು."

ಫೋನಿನಲ್ಲಿ ಹುಡುಗಿಯ ಮುಖ ಅರಳಿತು. "ಹಾಗಾದರೆ ಅಜ್ಜಿ, ನಾನು ಬರಬಹುದಾ?"

"ಇವತ್ತೇ ಹೊರಡು. ದೋಸೆ ಹಿಟ್ಟು ರುಬ್ಬಿಟ್ಟಿದೀನಿ."

ಮಗಳು ಉಸಿರು ಬಿಟ್ಟು ಕುರ್ಚಿಗೆ ಒರಗಿದಳು. ಕೋಆರ್ಡಿನೇಟರ್ ಕೂಡ ನಗುತ್ತಾ ಎದ್ದರು. ಮನೆಗೆ ಬಂದ ಹೆಂಗಸು ಹೊರಟರೆ ನನ್ನ ಕೈ ಸುಮ್ಮನಿರುತ್ತದೆಯೇ? ಒಳಗಿನಿಂದ ತಟ್ಟೆ ತಂದು ಆಕೆಗೂ ಕುಂಕುಮ ಇಟ್ಟು, ರವಿಕೆ ಕಣ, ತೆಂಗಿನಕಾಯಿ ಕೊಟ್ಟೆ.

ಆಕೆಗೆ ಬಹಳ ಸಂತೋಷವಾಯಿತು. "ಈಗ ನನಗೆ ಅರ್ಥ ಗೊತ್ತು. ನಾನು ಇನ್ನು ಬೇಗ ಬೇಗ ಬರಬೇಕು, ಅಲ್ವಾ?"

ಹಿಂದೆ ನಿಂತಿದ್ದ ಅಳಿಯ ಮುಖದ ನಗು ಕೆಡದಂತೆ ಕನ್ನಡದಲ್ಲಿ ಹೇಳಿದ: "ಅತ್ತೆ, ಆ ತೆಂಗಿನಕಾಯಿ ವಾಪಸ್ ಇಸ್ಕೊಳ್ಳಿ."