ಲೇಬಲ್ ನುಂಗಿದ ಕೊಕ್ಕು

ಸ್ಫಾಕ್ಸ್ ಪಟ್ಟಣದ ಆಲಿವ್ ಎಣ್ಣೆ ಗಾಣದಲ್ಲಿ ಆ ಬೆಳಿಗ್ಗೆ ಅಚ್ಚಾದ ಮೊದಲ ಲೇಬಲ್ ‘ಆಮ್ಲತೆ’ ಎನ್ನುವಲ್ಲಿಗೇ ನಿಂತುಬಿಟ್ಟಿತ್ತು. ಮುಂದೆ ಬರೀ ಬಿಳಿ ಕಾಗದ.

ಲಸ್ಸದ್‌ನ ಆರು ತಿಂಗಳ ಟ್ರಯಲ್ ಮುಗಿಯುವ ದಿನ ಅದು. ಮಧ್ಯಾಹ್ನ ಇಟಲಿಯ ಖರೀದಿದಾರರು ಬರುವವರಿದ್ದರು. ಅಷ್ಟರೊಳಗೆ ಬಾಟಲಿಗಳು ಸಿದ್ಧವಾದರೆ ಕೆಲಸ ಖಾಯಂ ಎಂದಿದ್ದರು ಮಾಲೀಕ ಹಾಜ್ ಮುಂಜಿ. ಲೇಬಲ್ ಅಚ್ಚು ಹಾಕುವ ಪ್ರೋಗ್ರಾಮು ಲಸ್ಸದ್‌ನದೇ.

ಕಾರಣ ಅವನಿಗೆ ತಕ್ಷಣ ಹೊಳೆಯಿತು. ಲ್ಯಾಬಿನ ಮೋನಿಯಾ ‘ಆಮ್ಲತೆ < 0.3’ ಎಂದು ಬರೆದಿದ್ದಳು. ಆ ಕೊಕ್ಕಿನಂಥ ಚಿಹ್ನೆ ಕಂಡರೆ ಪ್ರೋಗ್ರಾಮು ಅದನ್ನು ಅಕ್ಷರವೆಂದು ಓದುವುದಿಲ್ಲ. ವಿನ್ಯಾಸದ ಬಗ್ಗೆ ಏನೋ ಅಪ್ಪಣೆ ಬಂತೆಂದುಕೊಂಡು ಮುಂದಿನದನ್ನೆಲ್ಲ ನುಂಗಿಬಿಡುತ್ತದೆ.

“ಅಷ್ಟೇನಾ? ಕೊಕ್ಕು ಆ ಕಡೆ ತಿರುಗಿಸು,” ಎಂದ ಉಗ್ರಾಣದ ರಿಧಾ, ಯಾರೂ ಕೇಳದಿದ್ದರೂ.

ಲಸ್ಸದ್ ತಿರುಗಿಸಿದರೆ ನಿಜಕ್ಕೂ ಅಚ್ಚಾಯಿತು! ಮೋನಿಯಾ ನೋಡಿ ಕಿರುಚಿದಳು: “0.3ಕ್ಕಿಂತ ಜಾಸ್ತಿ ಅಂತ ಹಾಕಿದೀಯಲ್ಲೋ! ಆಮ್ಲ ಜಾಸ್ತಿಯಾದ್ರೆ ಕೀಳೆಣ್ಣೆ. ನಮ್ಮೆಣ್ಣೆ ಏನು ಬಾಗಿಲ ಕೀಲಿಗೆ ಬಿಡೋಕಾ?”

“ಐದೇ ನಿಮಿಷ ಅಕ್ಕಾ. ಇದೆಲ್ಲ ನನಗೆ ಎಡಗೈ ಕೆಲಸ,” ಎಂದ ಲಸ್ಸದ್.

ಕೊಕ್ಕಿನ ಬದಲು ಅದರ ಗುಪ್ತನಾಮ ‘&lt;’ ಹಾಕಿದ. ಆದರೆ ‘&’ ಕಂಡರೆ ಇದ್ದಂತೆಯೇ ಅಚ್ಚು ಹಾಕು ಎಂದು ಹಿಂದೊಮ್ಮೆ ತಾನೇ ಪ್ರೋಗ್ರಾಮಿಗೆ ಹೇಳಿಟ್ಟಿದ್ದ. ಲೇಬಲ್ಲಿನ ಮೇಲೆ ಗುಪ್ತನಾಮವೇ ರಾರಾಜಿಸಿತು.

“ಇದ್ಯಾವ ಹೊಸ ವಿಟಮಿನ್ನಪ್ಪಾ?” ಎಂದ ರಿಧಾ.

ಈ ಬಾರಿ ಲಸ್ಸದ್ ತೋಳೇರಿಸಿದ. ಆ ಸಾಲಿನಲ್ಲಿ ಎಲ್ಲೇ ಕೊಕ್ಕು ಕಂಡರೂ ಬರೀ ಅಕ್ಷರವೆಂದೇ ತಿಳಿ ಎಂದು ಪ್ರೋಗ್ರಾಮಿಗೆ ಕಟ್ಟಪ್ಪಣೆ ಕೊಟ್ಟ. ‘ಆಮ್ಲತೆ < 0.3’! ಅಷ್ಟನ್ನು ಕಣ್ತುಂಬ ನೋಡಿ ಮುನ್ನೂರು ಅಚ್ಚು ಹಾಕಿಸಿದ. ರಿಧಾ ಅಂಟಿಸಿದ.

ಮಧ್ಯಾಹ್ನ ಖರೀದಿದಾರರ ಮುಂದೆ ಹಾಜ್ ಮುಂಜಿ ಕನ್ನಡಕವೇರಿಸಿ, ಬಾಟಲಿ ಎತ್ತಿ ಹಿಡಿದು, ಹೆಮ್ಮೆಯಿಂದ ಗಟ್ಟಿಯಾಗಿ ಓದತೊಡಗಿದರು:

“ಆಮ್ಲತೆ 0.3ಕ್ಕಿಂತ ಕಡಿಮೆ. ‘ಈ ಸಾಲು ದಪ್ಪಕ್ಷರದಲ್ಲಿ ಬೇಕಂತೆ. ಮುದುಕನಿಗೇನು ಗೊತ್ತು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಸಾಕು.’”

ದುಭಾಷಿ ಅದನ್ನೂ ನಿಷ್ಠೆಯಿಂದ ಇಟಾಲಿಯನ್‌ಗೆ ತಿರುಗಿಸಿದ.

ಲಸ್ಸದ್‌ನ ಕಾಲಡಿಯ ನೆಲ ಎಣ್ಣೆಯಾಯಿತು. ಎಂದೋ ಹಾಜ್ ಮೇಲಿನ ಸಿಟ್ಟಿನಲ್ಲಿ, ಪ್ರೋಗ್ರಾಮಿನ ಅದೇ ಸಾಲಿನ ಕೊನೆಗೆ ತನಗೆ ತಾನೇ ಬರೆದುಕೊಂಡ ಟಿಪ್ಪಣಿ ಅದು. ಹಾಗೆ ಎರಡು ಕೊಕ್ಕುಗಳ ನಡುವೆ ಬಚ್ಚಿಟ್ಟದ್ದು ಮಾಮೂಲಾಗಿ ಅಚ್ಚಾಗುವುದಿಲ್ಲ. ಆದರೆ ಈಗ ಅವನ ಅಪ್ಪಣೆಯಂತೆ ಕೊಕ್ಕೆಲ್ಲ ಅಕ್ಷರವಾಗಿತ್ತು.

ಹಾಜ್ ನಿಧಾನವಾಗಿ ಕನ್ನಡಕ ತೆಗೆದರು. “ಏನಪ್ಪಾ ಮಗನೇ, ಇನ್ನೂ ಆರು ತಿಂಗಳು ಟ್ರಯಲ್. ಈ ಮುನ್ನೂರು ಲೇಬಲ್ ನೀನೇ ಉಗುರಲ್ಲಿ ಕಿತ್ತು ತೆಗೀಬೇಕು. ಆಗಬಹುದಾ?”

ಲಸ್ಸದ್ ತಲೆಯಾಡಿಸಿದ.