ನಮ್ಮ ಬಿಲ್ಡಿಂಗಿನ ಟಾಂಕಿಗೆ ಬುದ್ಧಿ ಕೊಟ್ಟದ್ದು

ಯಂತ್ರಕ್ಕೆ ಬುದ್ಧಿ ಕೊಡುವುದು ನನ್ನ ಕಸುಬು. ಕೊಟ್ಟ ಮೇಲೆ ಅದರ ಸುತ್ತಮುತ್ತಲಿನ ಜನ ತಮ್ಮ ಬುದ್ಧಿಯನ್ನೂ ಒಂದಿಷ್ಟು ಬೆರೆಸದೆ ಬಿಡುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ನಗುವಿಗೆ ಬರ ಎಂಬುದೇ ಬಂದಿಲ್ಲ.

ಜೋಗೇಶ್ವರಿಯ ಒಂದು ಗಾಲಾದಲ್ಲಿ, ಎಂದರೆ ಕೈಗಾರಿಕಾ ಕಟ್ಟಡದ ಒಂದು ಮಳಿಗೆಯಲ್ಲಿ, ನನ್ನ ಪುಟ್ಟ ಕಾರ್ಖಾನೆ. ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ನಮ್ಮ ಕೆಲಸದಲ್ಲಿ ಎರಡು ಬಗೆಯ ಪ್ರಶ್ನೆಗಳಿರುತ್ತವೆ. ಒಂದು, ಹೌದೋ ಅಲ್ಲವೋ: ಪಂಪ್ ಚಾಲೂ ಇರಬೇಕೋ ಬಂದ್ ಆಗಬೇಕೋ. ಇನ್ನೊಂದು, ಎಷ್ಟು: ನೀರು ಎಷ್ಟಿದೆ, ಎಷ್ಟು ಬೇಗ ಇಳಿಯುತ್ತಿದೆ. ಮೊದಲನೆಯದನ್ನೇ ಹಿಡಿದರೆ ಯಂತ್ರ ಒರಟಾಗುತ್ತದೆ, ಎರಡನೆಯದನ್ನೇ ಹಿಡಿದರೆ ಯೋಚನೆ ಮಾಡುತ್ತಲೇ ಕೂರುತ್ತದೆ. ಎರಡಕ್ಕೂ ಮದುವೆ ಮಾಡಿಸಿ ಸಂಸಾರ ನಡೆಸುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ.

ಮಾತು ಕೊಟ್ಟದ್ದು

ನಾವಿರುವುದು ಮಲಾಡಿನ ಒಂದು ಹೌಸಿಂಗ್ ಸೊಸೈಟಿಯಲ್ಲಿ. ನನ್ನ ಹೆಂಡತಿ ಅಲ್ಲಿನ ಸೆಕ್ರೆಟರಿ. ಮುನಿಸಿಪಾಲಿಟಿ ನೀರು ಬೆಳಗಿನ ಜಾವ ಬಂದು ನೆಲದಡಿಯ ಟಾಂಕಿ ತುಂಬುತ್ತದೆ. ಅಲ್ಲಿಂದ ಪಂಪ್ ಹಾಕಿ ಟೆರೇಸಿನ ಟಾಂಕಿಗೆ ಏರಿಸಬೇಕು. ವಾಚ್‌ಮನ್ ಮರೆತರೆ ನಲ್ಲಿ ಒಣಗುತ್ತದೆ, ಹಾಕಿ ಮರೆತರೆ ಟೆರೇಸಿನಿಂದ ಜಲಪಾತ ಧುಮುಕುತ್ತದೆ. ಈ ವಿಷಯಕ್ಕೆ ಪ್ರತಿ ಮೀಟಿಂಗಿನಲ್ಲೂ ಜಗಳ. ಜಗಳ ಶುರು ಮಾಡುವವರು ಆರನೆಯ ಮಹಡಿಯ ಮಾಜಿ ಸೆಕ್ರೆಟರಿ. ಧಾರವಾಡ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಕುರ್ಚಿ ಹೋದರೂ ಅದರ ಮೇಲಿನ ಆಸೆ ಹೋಗಿರಲಿಲ್ಲ.

ಒಂದು ಸಂಜೆ ನಾನು ಗಾಲಾದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಹೇಳಿದಳು, "ಮೀಟಿಂಗಲ್ಲಿ ಮಾತು ಕೊಟ್ಟು ಬಂದಿದ್ದೀನಿ. ಇನ್ಮೇಲೆ ಟಾಂಕಿಯನ್ನ ನಮ್ಮನೆಯವರ ಪ್ಯಾನೆಲ್ಲೇ ನೋಡ್ಕೊಳ್ಳುತ್ತೆ, ಒಂದು ದಿನ ನಲ್ಲಿ ಒಣಗಿದ್ರೂ ನಾನು ಸೆಕ್ರೆಟರಿ ಪೋಸ್ಟ್ ಬಿಡ್ತೀನಿ ಅಂದೆ."

"ನನ್ನನ್ನ ಕೇಳದೇನಾ?"

"ಆಗುತ್ತೋ ಇಲ್ವೋ ಅಷ್ಟು ಹೇಳಿ."

"ತೊಂಬತ್ತು ಪರ್ಸೆಂಟ್ ಆಗುತ್ತೆ."

"ರೀ, ನಾನು ಕೈ ಎತ್ತಿ ಬಂದಿದ್ದೀನಿ. ತೊಂಬತ್ತು ಪರ್ಸೆಂಟ್ ಕೈ ಎತ್ತೋಕಾಗಲ್ಲ."

ಬಿಕ್ಕಳಿಕೆ

ಪ್ಯಾನೆಲ್ ಕೂರಿಸಿದೆವು. ಟೆರೇಸಿನ ಟಾಂಕಿಯ ಮುಚ್ಚಳದಲ್ಲಿ ಒಂದು ಸೆನ್ಸರ್. ಅದು ಕೆಳಮುಖವಾಗಿ ಶಬ್ದ ಬಿಟ್ಟು, ನೀರಿಗೆ ತಾಗಿ ವಾಪಸಾಗುವುದನ್ನು ಕೇಳಿಸಿಕೊಂಡು, ನೀರು ಎಷ್ಟು ಹತ್ತಿರದಲ್ಲಿದೆ ಎಂದು ತಿಳಿಸುತ್ತದೆ. ಪ್ಯಾನೆಲ್ಲಿಗೆ ನಾನು ಎರಡು ಗೆರೆ ಕೊಟ್ಟಿದ್ದೆ. ನೀರು ಕೆಳಗಿನ ಗೆರೆಗೆ ಇಳಿದಾಗ ಪಂಪ್ ಚಾಲೂ, ಮೇಲಿನ ಗೆರೆಗೆ ಏರಿದಾಗ ಬಂದ್. ನಡುವೆ ಎಲ್ಲಿದ್ದರೂ ಹಿಡಿದ ಹಟ ಬಿಡಬಾರದು, ನೀರು ತೀರಾ ವೇಗವಾಗಿ ಇಳಿದರೆ ಮಾತ್ರ ಬೇರೆ ಮಾತು. ಎರಡು ಗೆರೆಗಳ ನಡುವಿನ ಆ ಜಾಗವೇ ಇಡೀ ವ್ಯವಸ್ಥೆಯ ಜೀವಾಳ.

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಒಂದು ಭಾನುವಾರ ವಾಚ್‌ಮನ್ ಬಂದು ಬೆಲ್ ಒತ್ತಿದ. "ಸಾಬ್, ಮೋಟಾರ್ ಕೋ ಹಿಚ್ಕೀ ಆ ರಹೀ ಹೈ."

ಹೋಗಿ ನೋಡಿದರೆ ನಿಜವಾಗಿಯೂ ಬಿಕ್ಕಳಿಕೆಯೇ. ಚಾಲೂ, ಬಂದ್, ಚಾಲೂ, ಬಂದ್. ಇನ್ನೊಂದಿಷ್ಟು ಹೊತ್ತು ಹೀಗೇ ಬಿಟ್ಟಿದ್ದರೆ ಮೋಟಾರ್ ಸುಟ್ಟು, ನಲ್ಲಿ ಒಣಗಿ, ನನ್ನ ಹೆಂಡತಿಯ ಕುರ್ಚಿಯೂ ಹೋಗುತ್ತಿತ್ತು. ಪ್ಯಾನೆಲ್ ತೆಗೆದು ನೋಡಿದೆ. ಯಾರೋ ಕೆಳಗಿನ ಗೆರೆಯನ್ನು ಎತ್ತಿ ಮೇಲಿನ ಗೆರೆಗೆ ಅಂಟಿಸಿದ್ದರು. ಟಾಂಕಿಗೆ ಬೀಳುವ ನೀರು ಸ್ವಲ್ಪ ಅಲೆ ಎಬ್ಬಿಸಿದರೂ ಸಾಕು, ಪಾಪ, ಪಂಪಿನ ಮನಸ್ಸು ಬದಲಾಗುತ್ತಿತ್ತು.

"ಇದನ್ನ ಯಾರು ಮುಟ್ಟಿದ್ದು?" ಎಂದು ಹಿಂದಿಯಲ್ಲಿ ಕೇಳಿದೆ.

ವಾಚ್‌ಮನ್ ನೇರವಾಗಿ ಹೆಸರು ಹೇಳುವ ಮನುಷ್ಯನಲ್ಲ. "ಸಾಬ್, ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ತಿದ್ದಾರೆ ಅಂತ ನಮ್ಮೂರಲ್ಲಿ ಹೇಳ್ತಾರೆ," ಎಂದು ಆರನೆಯ ಮಹಡಿಯ ಕಡೆ ತಲೆ ಎತ್ತಿದ. ಕಿಟಕಿಯಲ್ಲಿ ಮಾಜಿ ಸೆಕ್ರೆಟರಿ ನಿಂತಿದ್ದರು.

"ಟಾಂಕಿ ಅಂದಮ್ಯಾಲ ಯಾವಾಗ್ಲೂ ತುಂಬಿರ್ಬೇಕ್ರೀ," ಎಂದು ಅಲ್ಲಿಂದಲೇ ಕೂಗಿ ಹೇಳಿದರು. "ನಡುವ ಅಷ್ಟು ಜಾಗಾ ಖಾಲಿ ಬಿಟ್ಟು ಯಾರಿಗೆ ಬಾಡಿಗಿ ಕೊಡಾವ್ರು ನೀವು?"

ಗೇಟಿನ ಬೋರ್ಡು

ಗೆರೆಗಳನ್ನು ಮತ್ತೆ ಬೇರೆ ಮಾಡಿ ಪ್ಯಾನೆಲ್ಲಿಗೆ ಬೀಗ ಹಾಕಿದೆ. ಜನರಿಗೂ ನಂಬಿಕೆ ಬರಲಿ ಎಂದು ಗೇಟಿನ ಹತ್ತಿರ ಒಂದು ಬೋರ್ಡು ಹಾಕಿಸಿದೆ. ಟಾಂಕಿಯಲ್ಲಿ ಎಷ್ಟು ಪರ್ಸೆಂಟ್ ನೀರಿದೆ ಎಂದು ಕೆಂಪು ಅಂಕಿಗಳಲ್ಲಿ ಬೆಳಗುವ ಬೋರ್ಡು. ಎಲ್ಲರೂ ಬಂದು ನೋಡಿದರು, ಮಕ್ಕಳು ಫೋಟೋ ತೆಗೆದರು, ನನಗೆ ಎದೆಯುಬ್ಬಿತು.

ಮಾರನೆಯ ಬೆಳಿಗ್ಗೆ ಹಾಲು ತರಲು ಇಳಿದವರೊಬ್ಬರು ಬೋರ್ಡು ನೋಡಿದರು. ಅರವತ್ತು. ಮನೆಗೆ ಫೋನ್ ಮಾಡಿ, "ನೀರು ಇಳೀತಿದೆ, ಎರಡು ಬಕೆಟ್ ತುಂಬಿಸಿಡು," ಎಂದರು. ಬೋರ್ಡು ಐವತ್ತೈದಕ್ಕೆ ಬಂತು. ಅದನ್ನು ಕಂಡವರು ಡ್ರಮ್ ಇಟ್ಟರು. ಬೋರ್ಡು ನಲವತ್ತಕ್ಕೆ ಇಳಿಯಿತು. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬೋರ್ಡಿನ ಫೋಟೋ ಬಂದದ್ದೇ ತಡ, ಬಿಲ್ಡಿಂಗಿನಲ್ಲಿದ್ದ ಪಾತ್ರೆ, ಕೊಡ, ಪ್ರೆಶರ್ ಕುಕ್ಕರ್ ಎಲ್ಲವೂ ನಲ್ಲಿಯ ಕೆಳಗೆ ಬಂದವು. ಒಬ್ಬ ಅಜ್ಜಿ ಹೂದಾನಿಯನ್ನೂ ಬಿಡಲಿಲ್ಲವಂತೆ. ನೀರು ಇಳಿಯುತ್ತದೆ ಎಂಬ ಭಯಕ್ಕೇ ನೀರು ಇಳಿಯುತ್ತಿತ್ತು.

ನನ್ನ ಪ್ಯಾನೆಲ್ ಮಾತ್ರ ಗಾಬರಿಯಾಗಲಿಲ್ಲ. ನೀರು ಇಳಿಯುವ ವೇಗ ನೋಡಿ, ಕೆಳಗಿನ ಗೆರೆಗೆ ಕಾಯದೆ ಮೊದಲೇ ಪಂಪ್ ಹಾಕಿತು. ನಲ್ಲಿ ಒಣಗಲಿಲ್ಲ. ಆದರೆ ಹೆಂಡತಿಯ ಮುಖ ಬೆಳ್ಳಗಾಗಿತ್ತು. ಅವಳು ಸೀದಾ ಹೋಗಿ ಬೋರ್ಡಿನ ವೈರ್ ಎಳೆದು, "ಇಲ್ಲಿ ಒಂದೇ ಒಂದು ಹಸಿರು ದೀಪ ಹಾಕಿ. ಉರಿದರೆ ನೀರಿದೆ, ಆರಿದರೆ ಇಲ್ಲ. ಎಷ್ಟಿದೆ ಅನ್ನೋದು ನಿಮ್ಮ ಟಾಂಕಿಗೆ ಗೊತ್ತಿದ್ರೆ ಸಾಕು, ಬಿಲ್ಡಿಂಗಿಗೆ ಬೇಡ," ಎಂದಳು.

ಗ್ರೌಂಡ್ ಫ್ಲೋರಿನಲ್ಲಿ ಹೋಟೆಲ್ ಇಟ್ಟಿರುವ ಉಡುಪಿಯವರೊಬ್ಬರು ಗಲ್ಲಾದಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು. "ಎಂಥ ಮಾರಾಯ್ರೆ ನೀವು," ಎಂದರು. "ಒಳಗೆ ಎಷ್ಟು ಇಡ್ಲಿ ಉಳಿದಿದೆ ಅಂತ ನಾವು ಬೋರ್ಡ್ ಹಾಕ್ತೇವಾ? ಹಾಕಿದ್ರೆ ಒಂದೇ ಪ್ಲೇಟ್ ಬೇಕಾದವನೂ ಮೂರು ಪಾರ್ಸೆಲ್ ಹೇಳ್ತಾನೆ."

ವಾಚ್‌ಮನ್ನನ ಗುಂಡಿ

ಎಲ್ಲರ ನೀರಿನ ಚಿಂತೆ ಮುಗಿದ ಮೇಲೆ ವಾಚ್‌ಮನ್ನನ ಚಿಂತೆ ಶುರುವಾಯಿತು. ಬೆಳಿಗ್ಗೆ ವಾಕಿಂಗ್ ಹೊರಟವರೆಲ್ಲ, "ಪಂಪ್ ಚಾಲೂ ಕಿಯಾ ಕ್ಯಾ?" ಎಂದು ಕೇಳುತ್ತಿದ್ದರು. ಆಟೋಮ್ಯಾಟಿಕ್ ಎಂದರೆ, "ಫಿರ್ ತೂ ಕ್ಯಾ ಕರ್ತಾ ಹೈ?" ಎಂದು, ಹಾಗಾದರೆ ನಿನಗೇನು ಕೆಲಸ ಎಂಬ ಪ್ರಶ್ನೆ ಬರುತ್ತಿತ್ತು.

"ಸಾಬ್, ಒತ್ತೋಕೆ ನನಗೂ ಏನಾದ್ರೂ ಕೊಡಿ," ಎಂದು ಅಂಗಲಾಚಿದ.

ನ್ಯಾಯವಾದ ಬೇಡಿಕೆ. ಪಂಪ್ ರೂಮಿನ ಹೊರಗೋಡೆಗೆ ಒಂದು ದೊಡ್ಡ ಕೆಂಪು ಗುಂಡಿ ಕೂರಿಸಿದೆ. ಅದರ ಹಿಂದೆ ಒಂದು ವೈರೂ ಇರಲಿಲ್ಲ. ಇದು ನನಗೂ ವಾಚ್‌ಮನ್ನನಿಗೂ ಮಾತ್ರ ಗೊತ್ತು. ದಿನಾ ಬೆಳಿಗ್ಗೆ ಅವನು ನಾಲ್ಕು ಜನ ನೋಡುವಂತೆ ಗುಂಡಿ ಒತ್ತಿ, ಕೈ ಒರೆಸಿಕೊಂಡು, ಗೇಟಿಗೆ ಬಂದು ಕೂರುತ್ತಿದ್ದ. ಎಲ್ಲರಿಗೂ ಸಮಾಧಾನ.

ಒಂದು ದಿನ ಮಾಜಿ ಸೆಕ್ರೆಟರಿ ಅವನನ್ನು ರೆಟ್ಟೆ ಹಿಡಿದು ನಮ್ಮ ಬಾಗಿಲಿಗೆ ಕರೆತಂದರು. "ಇಂಜಿನಿಯರ್ ಸಾಹೇಬ್ರ, ನಿಮ್ಮ ಗುಂಡಿ ಚಲೋ ಐತಿ, ಇಂವಾ ಸರಿ ಇಲ್ಲ. ಸುಮ್ನ ಹಿಂಗ ಮುಟ್ಟಿ ಬಿಡ್ತಾನ. ನಮ್ಮ ಮನ್ಯಾಗ ನೀರು ಸಣ್ಣಗ ಬರಾಕತ್ತೈತಿ."

ನಗು ನುಂಗಿಕೊಂಡು, ನಾಳೆಯಿಂದ ಗಟ್ಟಿಯಾಗಿ ಒತ್ತು ಎಂದು ವಾಚ್‌ಮನ್ನನಿಗೆ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿದ. ಮಾರನೆಯ ದಿನ ಲಿಫ್ಟಿನಲ್ಲಿ ಸಿಕ್ಕ ಮಾಜಿ ಸೆಕ್ರೆಟರಿ ನನ್ನ ಬೆನ್ನು ತಟ್ಟಿದರು. "ಈಗ ನೋಡ್ರಿ, ಏನ್ ಫೋರ್ಸ್!"

ಕಣ್ಣಿಗೆ ಹೂವು

ಆಯುಧಪೂಜೆ ಬಂತು. ಗಾಲಾದಲ್ಲಿ ಎಲ್ಲ ಪ್ಯಾನೆಲ್‌ಗಳಿಗೂ ಕುಂಕುಮ ಹಚ್ಚುವವನು ಬಿಲ್ಡಿಂಗಿನ ಪ್ಯಾನೆಲ್ಲನ್ನು ಬಿಡುವುದುಂಟೇ? ಬೆಳಿಗ್ಗೆಯೇ ಪಂಪ್ ರೂಮಿನಲ್ಲಿ ಪೂಜೆ ಇಟ್ಟುಕೊಂಡೆವು. ಹೋಟೆಲಿನವರು ಪ್ರಸಾದಕ್ಕೆ ಶೀರಾ ಕಳಿಸಿದರು. ಹಿರಿಯರೆಂದು ಮೊದಲ ಮಂಗಳಾರತಿ ಮಾಜಿ ಸೆಕ್ರೆಟರಿಯವರಿಂದಲೇ ಮಾಡಿಸಿದೆವು. ಅವರಿಗೆ ಖುಷಿಯಾಯಿತು.

"ಇದರಾಗ ಮುಖ್ಯ ಭಾಗ ಯಾವುದ್ರೀ?" ಎಂದು ಭಕ್ತಿಯಿಂದ ಕೇಳಿದರು.

"ಮೇಲೆ ಟಾಂಕಿಯ ಮುಚ್ಚಳದಲ್ಲಿರೋ ಸೆನ್ಸರ್. ಅದೇ ಇದರ ಕಣ್ಣು," ಎಂದೆ.

ಅವರು ಉಳಿದಿದ್ದ ಒಂದು ಚೆಂಡುಹೂವಿನ ಮಾಲೆ ಎತ್ತಿಕೊಂಡು ಲಿಫ್ಟ್ ಹತ್ತಿದರು. ಯಾವುದೋ ಮಹಡಿಯ ದೇವರಿಗಿರಬೇಕು ಎಂದುಕೊಂಡು ನಾನು ಶೀರಾದ ಕಡೆ ತಿರುಗಿದೆ.

ಮಧ್ಯಾಹ್ನ ಎಲ್ಲರ ಮನೆಯಲ್ಲೂ ನೆಂಟರು, ಎಲ್ಲರ ಒಲೆಯ ಮೇಲೂ ಹಬ್ಬದಡುಗೆ. ನಲ್ಲಿ ಒಣಗಿತು. ಒಂದೆರಡು ಮನೆಯಲ್ಲಲ್ಲ, ಇಡೀ ಬಿಲ್ಡಿಂಗಿನಲ್ಲಿ. ಜನ ಬಕೆಟ್ ಹಿಡಿದು ಕೆಳಗೆ ಬಂದರು. ಗೇಟಿನಲ್ಲಿ ಹಸಿರು ದೀಪ ನಾಚಿಕೆಯಿಲ್ಲದೆ ಉರಿಯುತ್ತಿತ್ತು. ನನ್ನ ಯಂತ್ರ ತಪ್ಪು ಮಾಡುವುದಿಲ್ಲ ಎಂದು ನನಗೆ ಗೊತ್ತು. ಆದರೂ ಗುಂಪಿನ ನಡುವೆ ನನ್ನ ಹೆಂಡತಿ ಒಬ್ಬಳೇ ನಿಂತಿದ್ದಳು.

ಮಾಜಿ ಸೆಕ್ರೆಟರಿ ಗಂಟಲು ಸರಿ ಮಾಡಿಕೊಂಡರು. "ಏನ್ರೀ ಮೇಡಂ, ಮೀಟಿಂಗ್‌ನ್ಯಾಗ ಏನಂದಿದ್ರಿ, ನೆನಪೈತಿಲ್ಲೋ?"

"ಇದೆ," ಎಂದಳು. ಪಂಪ್ ರೂಮಿನ ಕೀ, ಸೊಸೈಟಿ ಆಫೀಸಿನ ಕೀ ಎರಡನ್ನೂ ತೆಗೆದು ಅವರ ಕೈಗೆ ಇಟ್ಟಳು. "ಮಾತು ಅಂದ್ರೆ ಮಾತು. ಈ ಗಳಿಗೆಯಿಂದ ಸೆಕ್ರೆಟರಿ ನೀವೇ."

ನಾನು ನಿಲ್ಲಲಾರದೆ ಟೆರೇಸಿಗೆ ಓಡಿದೆ. ಟಾಂಕಿಯ ಮುಚ್ಚಳ ಎತ್ತಿದೆ. ಸೆನ್ಸರಿನ ಕೊರಳಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಅದರ ಬಾಯಿಗೇ ಅಡ್ಡವಾಗಿ ತೂಗಾಡುತ್ತಿತ್ತು. ಅದು ಬಿಟ್ಟ ಶಬ್ದ ಹೂವಿಗೆ ತಾಗಿ ವಾಪಸಾಗುತ್ತಿತ್ತು. ಕಂಠದವರೆಗೆ ನೀರಿದೆ ಎಂದು ನಂಬಿ ನನ್ನ ಪ್ಯಾನೆಲ್ ಹಾಯಾಗಿತ್ತು. ಟಾಂಕಿಯ ತಳದಲ್ಲಿ ಒಂದು ಚೊಂಬು ನೀರೂ ಇರಲಿಲ್ಲ.

ಹೆಂಡತಿಗೆ ಫೋನ್ ಮಾಡಿದೆ. "ತಪ್ಪು ನಮ್ಮದಲ್ಲ ಕಣೇ! ನಿಮ್ಮ ಹೊಸ ಸೆಕ್ರೆಟರಿ ಸೆನ್ಸರಿಗೆ ಹಾರ ಹಾಕಿದ್ದಾರೆ. ಎಲ್ಲರಿಗೂ ಹೇಳು. ಈಗ ತೆಗೆದುಬಿಡ್ತೀನಿ."

"ತೆಗೆದ್ರೆ ನೀರು ಬರುತ್ತಾ?"

"ತಕ್ಷಣ ಪಂಪ್ ಹೊಡೆಯೋಕೆ ಶುರು ಮಾಡುತ್ತೆ. ಕೆಳಗಿನ ಟಾಂಕಿ ತುಂಬಿದೆ."

ಅವಳು ಗುಂಪಿನಿಂದ ಸ್ವಲ್ಪ ದೂರ ಸರಿದಳು. ಆಮೇಲೆ ದನಿ ತಗ್ಗಿಸಿ, "ಹಾಗಾದ್ರೆ ಮುಟ್ಟಬೇಡಿ. ನಾನು ಹೇಳೋವರೆಗೂ ಅಲ್ಲೇ ಕೂತಿರಿ. ಫೋನ್ ಇಡಬೇಡಿ," ಎಂದಳು.

ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮೇಲೆ ನನಗೆ ಆಗ ಹೆಮ್ಮೆಯೂ ಭಯವೂ ಒಟ್ಟಿಗೆ ಉಂಟಾದವು. ಫೋನ್ ಕಿವಿಗೆ ಒತ್ತಿಕೊಂಡು ಕಟ್ಟೆಯಿಂದ ಬಗ್ಗಿ ನೋಡಿದೆ.

ಕೆಳಗೆ ಅವಳು ಎಲ್ಲರಿಗೂ ಕೇಳುವಂತೆ, "ನೀರಿನ ಕಂಪ್ಲೇಂಟ್ ಏನಿದ್ರೂ ಸೆಕ್ರೆಟರಿಯವರ ಹತ್ರ," ಎಂದಳು. ಬಕೆಟ್‌ಗಳೆಲ್ಲ ಒಟ್ಟಿಗೆ ಪಥ ಬದಲಿಸಿ ಮಾಜಿ ಸೆಕ್ರೆಟರಿಯವರನ್ನು ಮುತ್ತಿಕೊಂಡವು. ಮರಾಠಿ, ಗುಜರಾತಿ, ಹಿಂದಿ, ಎಲ್ಲ ಭಾಷೆಯಲ್ಲೂ ಒಂದೇ ಪ್ರಶ್ನೆ. ಹೋಟೆಲಿನವರ ದನಿ ಎಲ್ಲದರ ಮೇಲೆ ಕೇಳಿಸಿತು: "ಸೆಕ್ರೆಟರಿಗಳೇ, ನನ್ನ ಸಾಂಬಾರಿಗೆ ಈಗ ನೀರು ಎಲ್ಲಿಂದ ತರುವುದು? ನೀವೇ ಹೇಳಿ."

"ಒಂದ್ ನಿಮಿಷ ತಡೀರಿ, ನಾ ಈಗ ಕೀ ತಗೊಂಡೀನಿ," ಎಂದರು ಮಾಜಿ ಸೆಕ್ರೆಟರಿ.

ಆಗ ಲಿಫ್ಟಿನ ಬಾಗಿಲು ತೆರೆದು, ಖಾಲಿ ಕೊಡ ಹಿಡಿದು ಅವರ ಹೆಂಡತಿಯೇ ಬಂದರು. "ಏನ್ರೀ, ಹೋಳಿಗಿ ಹಿಟ್ಟು ಅರ್ಧಕ್ಕ ನಿಂತೈತಿ. ಬೀಗರು ಕೈ ತೊಳೀದ ಕುಂತಾರ. ಸೆಕ್ರೆಟರಿ ಆಗಿ ಮನಿಗೇ ನೀರು ತರಾಕ ಆಗಂಗಿಲ್ಲೇನು?"

ಗುಂಪು ಆಕೆಗೆ ದಾರಿ ಬಿಟ್ಟಿತು. ಮಾಜಿ ಸೆಕ್ರೆಟರಿ ಕೈಯಲ್ಲಿದ್ದ ಕೀ ನೋಡಿದರು, ಹೆಂಡತಿಯ ಕೊಡ ನೋಡಿದರು, ಒಮ್ಮೆ ಆಕಾಶ ನೋಡಿದರು. ನಾನು ತಟ್ಟನೆ ತಲೆ ಹಿಂದಕ್ಕೆಳೆದುಕೊಂಡೆ.

"ಮೇಡಂ, ನೀವ ಮುಂದುವರೀರಿ," ಎಂಬ ದನಿ ಫೋನಿನಲ್ಲಿ ಬಂತು. "ನಾ ಸೂಚಿಸ್ತೀನಿ."

"ಅನುಮೋದನೆ?" ಎಂದಳು ನನ್ನ ಹೆಂಡತಿ, ಮೀಟಿಂಗಿನ ದನಿಯಲ್ಲಿ.

"ನಂದು ಐತಿ," ಎಂದರು ಕೊಡ ಹಿಡಿದವರು.

ಕೀಗಳ ಗೊಂಚಲು ಕೈ ಬದಲಿಸಿದ ಸದ್ದು ಕೇಳಿಸಿತು. ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ, "ರೀ, ಈಗ ಹೂವು ತೆಗೀರಿ."