ಫುಟ್‌ಪಾತ್ ತೆರವು

ನಮ್ಮ ಬೀದಿಗೆ ಫುಟ್‌ಪಾತ್ ಇರಲಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಇತ್ತು, ಉದ್ದಕ್ಕೂ ಇತ್ತು. ಕಾಲಿಡಲು ಜಾಗವಿರಲಿಲ್ಲ, ಅಷ್ಟೇ. ಮೂಲೆಮನೆ ಕಂಟ್ರಾಕ್ಟರರ ಎರಡನೆಯ ಕಾರು ಹೊದಿಕೆ ಹೊದ್ದು ಅದರ ಮೇಲೆ ಮಲಗಿತ್ತು. ಅದರಾಚೆ ಪಂಕ್ಚರ್ ಅಂಗಡಿಯ ಟೈರುಗಳ ಗೋಪುರ, ಯಾರದೋ ಮನೆಗೆಂದು ಸುರಿದು ಮರೆತ ಜಲ್ಲಿ, ಸಾಲುಸಾಲು ಬೈಕು. ಇಷ್ಟನ್ನೂ ದಾಟಿ ಬಂದ ಸಾಹಸಿಗಳಿಗಾಗಿ ಚಪ್ಪಡಿ ಕಳಚಿದ ಗುಂಡಿಯೊಂದು ಬಾಯಿ ತೆರೆದು ಕಾದಿರುತ್ತಿತ್ತು. (ಜಲಪಾತದಲ್ಲಿ ಜಲ ಬೀಳುತ್ತದೆ, ಫುಟ್‌ಪಾತದಲ್ಲಿ ಫುಟ್ ಬೀಳುತ್ತದೆ. ಸಂಸ್ಕೃತ ಬಲ್ಲವರು ಕ್ಷಮಿಸಬೇಕು.)

ಈ ಫುಟ್‌ಪಾತಿಗೂ ನನಗೂ ವೈರ ಹುಟ್ಟಿದ್ದು ನಮ್ಮತ್ತೆಯ ಸೊಂಟದಿಂದ. ಬಚ್ಚಲಲ್ಲಿ ಜಾರಿ, ಮೂಳೆ ಮುರಿದು, ಒಳಗೆ ಸ್ಟೀಲು ಕೂರಿಸಿಕೊಂಡು ಆಸ್ಪತ್ರೆಯಿಂದ ಬಂದ ಅತ್ತೆಗೆ ಡಾಕ್ಟರು ಒಂದೇ ಮಾತು ಹೇಳಿ ಕಳಿಸಿದ್ದರು: ದಿನಾ ನಡೆದರೆ ಕಾಲು, ನಡೆಯದಿದ್ದರೆ ಮಂಚ. ಅತ್ತೆ ನಿವೃತ್ತ ವ್ಯಾಕರಣದ ಟೀಚರು. ಮಂಚ ಹಿಡಿದ ಅಕ್ಕನನ್ನು ಕೊನೆಯ ಉಸಿರಿನವರೆಗೂ ಮಗ್ಗುಲು ಬದಲಿಸಿ ನೋಡಿಕೊಂಡವರು. ತಮಗೆ ಆ ಗತಿ ಬೇಡವೆಂದು ಬೆಳಗಾದರೆ ಕೋಲೂರಿಕೊಂಡು ಹೊರಡುತ್ತಿದ್ದರು. ಮೇಲೆ ಜಾಗವಿಲ್ಲದೆ ರಸ್ತೆಗಿಳಿಯುತ್ತಿದ್ದರು. ಹಿಂದಿನಿಂದ ಹಾರ್ನು ಹೊಡೆದವರನ್ನು ತಿರುಗಿ ನೋಡುವಷ್ಟು ಸೊಂಟ ತಿರುಗುತ್ತಿರಲಿಲ್ಲ. ನಾನು ಗೇಟಿನಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. (ಅತ್ತೆಗಾಗಿ ಸೊಸೆ ಉಸಿರು ಬಿಗಿಹಿಡಿದಳೆಂದರೆ ಯಾರೂ ನಂಬುವುದಿಲ್ಲ. ನಮ್ಮತ್ತೆಯೂ ನಂಬಿರಲಿಲ್ಲ.)

ಅಷ್ಟರಲ್ಲಿ ಎದುರುಮನೆ ಟೈಲರು ಹೋದರು. ಕಂಟ್ರಾಕ್ಟರರ ಆ ಮಲಗಿದ್ದ ಕಾರನ್ನು ಸುತ್ತಿ ಹೋಗಲು ರಸ್ತೆಗೆ ಒಂದು ಹೆಜ್ಜೆ ಇಳಿದದ್ದೇ ಅವರ ತಪ್ಪು. ಹಿಂದಿನಿಂದ ನೀರಿನ ಟ್ಯಾಂಕರು ಬಂತು. ಜೀವಮಾನವೆಲ್ಲ ಊರಿನವರ ಅಳತೆ ತೆಗೆದವರ ಅಳತೆಯನ್ನು ಪೊಲೀಸರು ಟೇಪು ಹಿಡಿದು ಡಾಂಬರಿನ ಮೇಲೆ ತೆಗೆದರು. ನನ್ನ ಗಂಡನ ಪ್ಯಾಂಟೊಂದು ಗಿಡ್ಡ ಮಾಡಲೆಂದು ಅವರ ಬಳಿ ಇತ್ತು. ಅವರ ಹೆಂಡತಿ ಅದನ್ನು ಇಸ್ತ್ರಿ ಮಾಡಿ, ಮಡಿಸಿ ಕಳಿಸಿದರು. ಒಂದು ಕಾಲು ಗಿಡ್ಡವಾಗಿತ್ತು. ಇನ್ನೊಂದರ ಮೇಲೆ ಸೀಮೆಸುಣ್ಣದ ಗೆರೆ ಮಾತ್ರ ಇತ್ತು. ನನ್ನ ಗಂಡ ಅದನ್ನು ಬೇರೆಯವರಿಗೆ ಹೊಲಿಯಲೂ ಕೊಡಲಿಲ್ಲ, ಬಿಸಾಡಲೂ ಇಲ್ಲ.

ನನಗೆ ಆವೇಶ ಬಂದದ್ದು ಆಗ. ಪಾದಚಾರಿ ಹಿತರಕ್ಷಣಾ ಮಹಾಸಂಘ ಉದಯಿಸಿತು. ('ಮಹಾ' ಎಂಬುದು ಸದಸ್ಯರ ಸಂಖ್ಯೆಗೆ ಹೇಳಿದ್ದಲ್ಲ, ಸಂಕಟಕ್ಕೆ.) ಟೈಲರ ಹೆಂಡತಿ ಕರೆಯದೆಯೇ ಬಂದು ಕೂತರು. ನನ್ನ ಗಂಡ ಮಾತ್ರ ಟೀ ಹೀರುತ್ತ ಭವಿಷ್ಯ ನುಡಿದರು.

"ಇದೆಲ್ಲ ನಡೆಯಲ್ಲ ಕಣೇ."

"ನಡೆಯೋಕಾಗಲ್ಲ ಅಂತಾನೇ ಸಂಘ ಮಾಡಿರೋದು ರೀ."

ಮೆರವಣಿಗೆಗೆ ಬ್ಯಾನರು ಬೇಕಿತ್ತು. ಅದನ್ನು ಬರೆಯುವ ಹೊಣೆಯನ್ನು ಸಂಘದ ಏಕಮೇವಾದ್ವಿತೀಯ ಸಾಹಿತಿಯಾದ ನಾನೇ ಹೊತ್ತೆ. ಕಾನ್ವೆಂಟಿನಲ್ಲಿ ಓದಿದ ತಲೆ 'ಕ್ಲಿಯರ್ ದಿ ಫುಟ್‌ಪಾತ್' ಎಂದು ಹೇಳಿಕೊಟ್ಟಿತು, ಕೈ ಅದನ್ನು ಭಾಷಾಂತರಿಸಿ ಹಾಸಿಗೆಯಷ್ಟು ದೊಡ್ಡ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಯಿತು: ಫುಟ್‌ಪಾತನ್ನು ಕೂಡಲೇ ತೆರವುಗೊಳಿಸಿ. ಅತ್ತೆ ಬಾಗಿಲಲ್ಲಿ ನಿಂತು, "ತೋರಿಸು ಕಾನ್ವೆಂಟು, ಒಂದ್ಸಲ ಕಣ್ಣಾಡಿಸ್ತೀನಿ" ಎಂದರು. ಇವರು ಸಾಮಾನ್ಯರಲ್ಲ. ಮದುವೆಗೆ ಮುಂಚೆ ನಾನು ಇವರ ಮಗನಿಗೆ ಬರೆದ ಪ್ರೇಮಪತ್ರದ ಒತ್ತಕ್ಷರಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ ಹೆಂಗಸು. ಬಣ್ಣ ಇನ್ನೂ ಆರಿಲ್ಲವೆಂದು ಸುಳ್ಳು ಹೇಳಿ ಬ್ಯಾನರು ಸುತ್ತಿಟ್ಟೆ.

ಮೆರವಣಿಗೆಗೆ ಬೀದಿಗೆ ಬೀದಿಯೇ ಬಂತು. ಬ್ಯಾನರಿನ ಒಂದು ತುದಿ ನಾನು, ಇನ್ನೊಂದು ತುದಿ ಟೈಲರ ಹೆಂಡತಿ. ನಾನು ಗಂಟಲು ಹರಿಯುವಂತೆ ಘೋಷಣೆ ಕೂಗಿದೆ. ಅವರು ಬಟ್ಟೆ ಎಲ್ಲಿಯೂ ಸುಕ್ಕಾಗದಂತೆ ಎಳೆದು ಹಿಡಿದಿದ್ದರು. ವಾರ್ಡ್ ಸದಸ್ಯರು ಬಂದರು, ಪಕ್ಕದಲ್ಲಿ ಕಂಟ್ರಾಕ್ಟರರೂ ಇದ್ದರು. ಸದಸ್ಯರು ಬ್ಯಾನರನ್ನು ಓದಿದರು, ಮತ್ತೊಮ್ಮೆ ನಿಧಾನವಾಗಿ ಓದಿದರು, ಮೊಬೈಲಿನಲ್ಲಿ ಫೋಟೋ ಹಿಡಿಸಿದರು.

"ಇದೇ ತಾನೇ ನಿಮ್ಮ ಬೇಡಿಕೆ? ಆಮೇಲೆ ಮಾತು ಬದಲಾಯಿಸಬಾರದು ನೋಡಿ ಮೇಡಂ."

"ಒಂದಕ್ಷರ ಬದಲಾಯಿಸೋ ಪ್ರಶ್ನೇನೇ ಇಲ್ಲ ಸಾರ್" ಎಂದೆ, ಎದೆ ಉಬ್ಬಿಸಿ. ಕಂಟ್ರಾಕ್ಟರರು ನಗುತ್ತ ಕೈಮುಗಿದರು. ಪಶ್ಚಾತ್ತಾಪವೆಂದು ತಿಳಿದೆ. (ಪೆದ್ದುತನಕ್ಕೆ ಪದವಿ ಕೊಡುವುದಿದ್ದರೆ ನಾನು ಇಷ್ಟರಲ್ಲಿ ಡಾಕ್ಟರೇಟ್ ಮುಗಿಸಿರುತ್ತಿದ್ದೆ.)

ಸೋಮವಾರ ಬುಲ್ಡೋಜರು ಬಂತು. ಕಂಟ್ರಾಕ್ಟರರು ಕಾರಿನ ಹೊದಿಕೆ ತೆಗೆದು ತಾವೇ ಓಡಿಸಿಕೊಂಡು ಹೋದರು. ಟೈರುಗಳು ಉರುಳಿದವು, ಬೈಕುಗಳು ಚದುರಿದವು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ನಮ್ಮ ಬೀದಿಯ ಫುಟ್‌ಪಾತ್ ಈ ತುದಿಯಿಂದ ಆ ತುದಿಯವರೆಗೆ ಖಾಲಿಯಾಗಿ, ಬೆತ್ತಲೆ ಕೂಸಿನಂತೆ ಬಿಸಿಲಿಗೆ ಮಲಗಿತ್ತು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಕೋಲು ಹಿಡಿದು ಗೇಟಿಗೆ ಬಂದರು. ಆಮೇಲೆ ಬುಲ್ಡೋಜರು ತನ್ನ ಹಲ್ಲುಗಳನ್ನು ಮೊದಲ ಚಪ್ಪಡಿಯ ಕೆಳಗೆ ತೂರಿಸಿತು.

ನಾನು ಓಡಿದೆ. ಬುಲ್ಡೋಜರಿನ ಜೊತೆ ಬಂದಿದ್ದ ಪಾಲಿಕೆಯ ಇಂಜಿನಿಯರು ಶಾಂತವಾಗಿ ಮೊಬೈಲು ಚಾಚಿ, ಬ್ಯಾನರಿನ ಫೋಟೋದಲ್ಲಿ ನನ್ನ ಅಕ್ಷರವನ್ನು ನನಗೇ ತೋರಿಸಿದರು. ಫುಟ್‌ಪಾತನ್ನು ತೆರವುಗೊಳಿಸಿ ಅಂತ ನಾನೇ ಬರೆದಿದ್ದೇನಂತೆ, ತೆರವುಗೊಳಿಸುತ್ತಿದ್ದಾರಂತೆ. ಅದರ ಮೇಲಿದ್ದದ್ದನ್ನು ತೆಗೆಯಿರಿ ಎಂಬ ಅರ್ಥದಲ್ಲಿ ಬರೆದದ್ದೆಂದು ಅಂಗಲಾಚಿದೆ.

"ಅರ್ಥ ನಮಗೆ ಬರಲ್ಲ ಮೇಡಂ. ಅದು ಹಣಕಾಸು ಇಲಾಖೆ. ನಮ್ಮದು ರಸ್ತೆ."

(ನನ್ನ ಜೀವನದಲ್ಲಿ ಇನ್ನೊಬ್ಬರ ಶ್ಲೇಷೆಗೆ ನಾನು ನಗದೆ ಉಳಿದದ್ದು ಅದೊಂದೇ ಸಲ.) ಚಪ್ಪಡಿ ಕಿತ್ತು ಡಾಂಬರು ಹಾಕುವ ಗುತ್ತಿಗೆ ಯಾರಿಗೆ ಸಿಕ್ಕಿತ್ತೆಂದು ನಾನು ಹೇಳಬೇಕಾಗಿಲ್ಲ. ವಾರ ಕಳೆಯುವುದರಲ್ಲಿ ರಸ್ತೆ ನಮ್ಮ ಗೇಟಿನ ಹೊಸ್ತಿಲು ನೆಕ್ಕುತ್ತಿತ್ತು. ಅಗಲವಾದ ರಸ್ತೆಯಲ್ಲಿ ಟ್ಯಾಂಕರುಗಳು ಮೊದಲಿಗಿಂತ ಜೋರಾಗಿ ಓಡತೊಡಗಿದವು. ಕಂಟ್ರಾಕ್ಟರರ ಕಾರು ಮರಳಿ ಬಂದು, ಹೊಸ ಡಾಂಬರಿನ ಅಂಚಿನಲ್ಲಿ ಹೊದಿಕೆ ಹೊದ್ದು ಮಲಗಿತು.

ಟೈಲರ ಹೆಂಡತಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರೇ ಬಂದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಹಿಡಿದುಕೊಂಡರು.

"ಹೋಗ್ಲಿ ಬಿಡಿ ಅಕ್ಕ. ಇನ್ಮುಂದೆ ಯಾರೂ ರಸ್ತೆಗೆ ಇಳೀಬೇಕಾಗಿಲ್ಲ. ಇಳಿಯೋಕೆ ಏನೂ ಉಳಿದಿಲ್ವಲ್ಲ."

ಅವರು ಅಣಕಿಸಲಿಲ್ಲ. ಅಣಕಿಸಿದ್ದರೆ ತಡೆದುಕೊಳ್ಳಬಹುದಿತ್ತು.

ಅಣಕವನ್ನು ಅತ್ತೆ ತಮ್ಮ ಪಾಲಿಗೆ ಇಟ್ಟುಕೊಂಡಿದ್ದರು. ಬ್ಯಾನರನ್ನು ಮಂಚದ ಮೇಲೆ ಹರವಿ, ಕನ್ನಡಕ ಏರಿಸಿ, ಕೋಲಿನ ತುದಿಯಿಂದ ಒಂದು ಅಕ್ಷರ ಮುಟ್ಟಿ ಹೇಳಿದರು:

"ವಾಹನಕ್ಕೆ ಹಾಕಬೇಕಾದ 'ಅನ್ನು' ಪ್ರತ್ಯಯಾನ ತಂದು ಫುಟ್‌ಪಾತಿಗೆ ಹಾಕಿದೀಯ. ಅವರೆಲ್ಲ ಕಾರನ್ನ ಸಿಕ್ಕಲ್ಲಿ ನಿಲ್ಲಿಸಿದ್ರು, ನೀನು ವಿಭಕ್ತೀನ ನಿಲ್ಲಿಸಿದೆ. ಏನು ವ್ಯತ್ಯಾಸ?"

ಇತ್ತ ಡಾಕ್ಟರ ಮಾತು ಹಾಗೆಯೇ ಇತ್ತು. ಗೇಟು ದಾಟುವಂತಿಲ್ಲ, ಮಂಚ ಬಾ ಎಂದು ಕರೆಯುತ್ತಿದೆ. ಅತ್ತೆ ಮನೆಯೊಳಗೇ ರಸ್ತೆ ಮಾಡುವುದೆಂದು ತೀರ್ಮಾನಿಸಿದರು. ತಮ್ಮ ಕೋಣೆಯಿಂದ ನಡುಮನೆ, ನಡುಮನೆಯಿಂದ ಊಟದ ಮೇಜು, ಅಲ್ಲಿಂದ ಅಡುಗೆಮನೆಯ ಒಲೆಯವರೆಗೆ. ಮೊದಲು ಸೋಫಾ ಮಹಡಿ ಹತ್ತಿತು. ಆಮೇಲೆ ಷೋಕೇಸು ಹೋಯಿತು. ಕೊನೆಗೆ ಕಿಟಕಿಯ ಪಕ್ಕದ ನನ್ನ ಬರೆಯುವ ಮೇಜಿನ ಮುಂದೆ ನಿಂತು, "ಇದು ಒತ್ತುವರಿ" ಎಂದರು. ಅಮ್ಮನ ಮಗ ಎರಡನೆಯ ಮಾತಿಲ್ಲದೆ ಅದನ್ನು ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕಕ್ಕೆ ಸಾಗಿಸಿದರು. ಇದನ್ನು ಅಲ್ಲಿ ಕೂತೇ ಬರೆಯುತ್ತಿದ್ದೇನೆ. ತಲೆ ಎತ್ತಿದರೆ ಮೆಟ್ಟಿಲು ತಾಗುತ್ತದೆ.

ಈಗ ಅಡುಗೆಮನೆಯಲ್ಲಿ ನಾನೇ ಪಾದಚಾರಿ, ಅತ್ತೆಯೇ ಟ್ಯಾಂಕರು. ಕೋಲಿನ ಸದ್ದು ಕೇಳಿದ ಕೂಡಲೇ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಒಲೆಯ ಬಳಿ ತಿರುಗುವಾಗ ಅವರು ಪಾತ್ರೆಯೊಳಗೆ ಇಣುಕಿ, ಉಪ್ಪಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದಿಲ್ಲ.

ಇವತ್ತು ಬೆಳಗ್ಗೆ ಅವರು ನಡುಮನೆಯಲ್ಲಿ ನಡೆಯುತ್ತಿದ್ದಾಗ ಹೊರಗೆ ಬ್ರೇಕು ಕಿರುಚಿತು. ಕೋಲಿನ ಸದ್ದು ನಿಂತಿತು. ನಾನು ಸೌಟು ಹಿಡಿದು ಹಾದಿಯ ನಡುವೆಯೇ ನಿಂತುಬಿಟ್ಟೆ. ಬ್ರೇಕಿನ ನಂತರ ಬರುವ ಇನ್ನೊಂದು ಸದ್ದಿದೆಯಲ್ಲ, ಅದಕ್ಕಾಗಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕಾದೆವು. ಬರಲಿಲ್ಲ. ಯಾರೋ ಯಾರನ್ನೋ ಬೈದರು, ಟ್ಯಾಂಕರು ಗೇರು ಬದಲಿಸಿ ಹೊರಟುಹೋಯಿತು.

"ಏನೂ ಆಗಿಲ್ಲ ಅತ್ತೆ, ಬನ್ನಿ" ಎಂದೆ.

"ಬರ್ತೀನಿ" ಎಂದರು ಅತ್ತೆ, ಕೋಲು ಎತ್ತಿ. "ನೀನು ಮೊದಲು ದಾರಿ ಬಿಡು."